ಮೂಳೆಗೊಂದು ಕಟ್ಟಡ, ಚರ್ಮಕ್ಕೊಂದು ಕಟ್ಟಡ

ಮಾನ್ಯ ಆರೋಗ್ಯ ನಿರ್ದೇಶಕರೇ,

ನನ್ನ ಬಲಗಾಲಿನ ಮೂಳೆ ಚರ್ಮದ ಹೊದಿಕೆಯಿಲ್ಲದೆ ಇನ್ನೂ ಬಯಲಿನಲ್ಲಿದೆ. ತಮ್ಮ ಆಸ್ಪತ್ರೆಯ ಎರಡು ಕಟ್ಟಡಗಳು ಪರಸ್ಪರ ಮಾತು ಬಿಟ್ಟಿರುವುದೇ ಇದಕ್ಕೆ ಕಾರಣ.

ನಾನು ಗೋಡೆಗೆ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದಾಗ ಮೊಣಕಾಲಿನ ಕೆಳಗಿನ ಮೂಳೆ ಮುರಿದು, ಚರ್ಮ ಹರಿದುಕೊಂಡು ಹೊರಗೆ ಇಣುಕಿತು. ತಮ್ಮ ಮೂಳೆ ವೈದ್ಯರು ಗಾಯ ತೊಳೆದು, ಹೊರಗಿನಿಂದ ಸರಳು ಬಿಗಿದು, ಮುರಿದದ್ದನ್ನು ಅಚ್ಚುಕಟ್ಟಾಗಿ ನಿಲ್ಲಿಸಿದರು. ಅವರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಆದರೆ ಗಾಯ ಮುಚ್ಚುವವರು ಯಾರು ಎಂದು ನನ್ನ ಹೆಂಡತಿ ಕೇಳಿದಾಗ, “ಮೂಳೆ ನಮ್ದಮ್ಮ. ಚರ್ಮ ಎದುರು ಕಟ್ಟಡದವರದ್ದು” ಎಂದು ಹೇಳಿ ಮುಂದಿನ ಮಂಚಕ್ಕೆ ನಡೆದರು. ಚರ್ಮ ಕಸಿ ಮಾಡುವ ಆ ಎದುರು ಕಟ್ಟಡದ ವೈದ್ಯರು ಇಲ್ಲಿಗೆ ಬರುವ ಪದ್ಧತಿ ಇಲ್ಲವಂತೆ. ಇಲ್ಲಿಂದ ಬಿಡುಗಡೆಯಾದ ರೋಗಿಯನ್ನಷ್ಟೇ ಸೇರಿಸಿಕೊಳ್ಳುತ್ತಾರಂತೆ. ಇಲ್ಲಿನವರೋ, ಗಾಯ ಮುಚ್ಚದ ರೋಗಿಯನ್ನು ಬಿಡುಗಡೆ ಮಾಡುವುದಿಲ್ಲ. ಇಂಥ ನಿಯಮ ರೂಪಿಸಿದ ಮಹಾನುಭಾವರನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಆಸೆ ನನಗಿದೆ. ಅವರ ಕಾಲುಗಳು ಕ್ಷೇಮವೇ?

ನನ್ನ ತಂಗಿ ಗಡಿಯಾಚೆಯ ದೇಶದಲ್ಲಿ ಇದೇ ಕಸುಬು ಮಾಡುತ್ತಾಳೆ. ಹೋದ ವರ್ಷ ಅವಳೂ ಬಿದ್ದು ಇದೇ ಮೂಳೆಯನ್ನು ಮುರಿದುಕೊಂಡಿದ್ದಳು. ಬೀಳುವುದರಲ್ಲೂ ನಮ್ಮದು ಒಗ್ಗಟ್ಟಿನ ಕುಟುಂಬ. ಅಲ್ಲಿ ಮೂಳೆಯವರೂ ಚರ್ಮದವರೂ ಮೊದಲ ದಿನವೇ ಒಟ್ಟಿಗೆ ನಿಂತು ಗಾಯ ನೋಡಿದರಂತೆ. ಮೂಳೆಯ ಒಳಗೇ ಸರಳು ಕೂರಿಸಿ, ಅದೇ ಮೇಜಿನ ಮೇಲೆ ಅವಳದೇ ಮೈಯ ಬೇರೆ ಕಡೆಯ ಮಾಂಸ, ಚರ್ಮ ತಂದು ಮುಚ್ಚಿದರಂತೆ. ಈಗ ಅವಳು ಏಣಿಯ ಮೇಲಿನಿಂದಲೇ ಫೋನು ಮಾಡಿ ನನ್ನ ಕಾಲೆಳೆಯುತ್ತಾಳೆ. “ಅಣ್ಣಾ, ಮೊದ್ಲು ಕಾಲಿಗೊಂದು ಪಾಸ್‌ಪೋರ್ಟ್ ಮಾಡ್ಸು. ಅದನ್ನ ಇಲ್ಲಿಗೆ ಕಳಿಸು, ನೀನು ಆಮೇಲೆ ನಿಧಾನಕ್ಕೆ ಬಾ” ಅನ್ನುತ್ತಾಳೆ.

ಸರಳು ಒಳಗೋ ಹೊರಗೋ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅದಕ್ಕೆ ಅವರವರ ಕಾರಣಗಳಿರುತ್ತವೆ ಎಂದು ನರ್ಸಮ್ಮ ತಿಳಿಹೇಳಿದ್ದಾರೆ. ಒಪ್ಪಿದೆ. ಆದರೆ ಎರಡು ಕಟ್ಟಡಗಳ ನಡುವಿನ ಒಂದು ಅಂಗಳವನ್ನು ದಾಟದಿರುವುದಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವಿದೆ? ಅದರ ಎರಡೂ ಕಡೆಯ ಗೋಡೆಗಳಿಗೆ ಬಣ್ಣ ಬಳಿದವನು ನಾನೇ. ನಡುವೆ ಹೊಳೆಯಿಲ್ಲ, ಹುಲಿಯಿಲ್ಲ. ದಾರಿ ತಿಳಿಯದಿದ್ದರೆ ನೆಲದ ಮೇಲೆ ಹಳದಿ ಬಾಣಗಳನ್ನು ಬರೆದುಕೊಡಲು ಸಿದ್ಧನಿದ್ದೇನೆ.

ತಮಾಷೆ ಸಾಕು. ನನಗೆ ಭಯವಾಗಿದೆ. ಮೂಳೆಗೆ ಸೋಂಕು ಇಳಿದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಇಂದು ಬೆಳಿಗ್ಗೆ ವೈದ್ಯರು ಹೇಳಿದರು. ಆ ಕೆಲಸ ಮಾತ್ರ ಈ ಕಟ್ಟಡದಲ್ಲೇ ಆಗುತ್ತದಂತೆ, ಎದುರಿನವರನ್ನು ಕೇಳುವ ಅಗತ್ಯವಿಲ್ಲವಂತೆ.

ಚರ್ಮದ ವೈದ್ಯರನ್ನು ನಾಳೆಯೇ ನನ್ನ ಮಂಚದ ಬಳಿಗೆ ಕಳಿಸಿ. ಮುಂದೆ ಬೀಳುವವರ ಪಾಲಿಗೆ ಇಬ್ಬರೂ ಮೊದಲ ದಿನವೇ ಒಟ್ಟಿಗೆ ಬರುವಂತೆ ಆದೇಶ ಹೊರಡಿಸಿ.

ಇಂತಿ,
ಈ ಪತ್ರ ಬರೆಯುವ ಹೊತ್ತಿಗೆ ಎರಡು ಕಾಲುಳ್ಳ
ಒಬ್ಬ ಬಣ್ಣ ಬಳಿಯುವವನು