ನಾವು ಬೆಳೆಸಿದ ತುಕ್ಕು

ಶನಿವಾರ, ಮಧ್ಯಾಹ್ನ ಮೂರು ಗಂಟೆ
ನಿನ್ನ ಅಣ್ಣನ ಮನೆಯ ಎದುರಿನ ಚಹಾ ಅಂಗಡಿಯಿಂದ

ಬಂದು ನೆರೆದಿರುವ ಮಹಾಜನಗಳೇ! ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆ ಹತ್ತಿ ಕೂತ ತುಂಟರೇ, ಕಿಟಕಿಯ ಸಂದಿಯಿಂದ ಇಣುಕುತ್ತಿರುವ ತಾಯಂದಿರೇ! ಕಿವಿಗೊಟ್ಟು ಕೇಳಿ!

ನೋಡು ಇವಳೇ, ಪೆನ್ನು ಹಿಡಿದರೂ ಹೀಗೇ ಶುರುವಾಗುತ್ತದೆ. ಹರಿದು ಬೇರೆ ಬರೆಯೋಣವೆಂದರೆ ಅಂಗಡಿಯವನು ಕೊಟ್ಟಿದ್ದೇ ನಾಲ್ಕು ಹಾಳೆ. ಇರಲಿ ಬಿಡು. ಪರದೆಯ ಹಿಂದೆ ಹುಟ್ಟಿ, ರಂಗದ ಮೇಲೆ ನಡೆಯಲು ಕಲಿತವನು ನಾನು. ನಮ್ಮಪ್ಪ ನೀರು ಕೇಳಿದರೂ ಕೊನೆಯ ಸಾಲಿಗೆ ಕೇಳಿಸುತ್ತಿತ್ತು. ನಾಟಕ ಕಂಪನಿ ಮುಚ್ಚಿ, ಕೈಗೆ ಸ್ಪ್ಯಾನರ್ ಬಂದು ಮೂವತ್ತು ವರ್ಷವಾಯಿತು, ಗಂಟಲು ಮಾತ್ರ ಇಳಿಯಲಿಲ್ಲ. ಈ ಒಂದು ಕಾಗದವನ್ನಾದರೂ ಮೆಲ್ಲಗೆ ಬರೆಯುತ್ತೇನೆ. ನೀನು ಕೊನೆಯವರೆಗೆ ಓದು. ನಡುವೆ ಮಡಿಸಿ ಒಲೆಗೆ ಹಾಕಬೇಡ. ಕಾಲಿಗೆ ಬೀಳುತ್ತೇನೆ. ಇದು ಮಾತಿಗೆ ಹೇಳಿದ್ದಲ್ಲ.

ಬೆಳಿಗ್ಗೆ ನಡೆದದ್ದು ನಿನಗೆ ಗೊತ್ತು. ಬಸ್ಸಿಳಿದವನು ನೇರ ಬಂದು ನಿಮ್ಮ ಗೇಟಿನ ಮುಂದೆ ನಿಂತೆ. ಮೆಲ್ಲಗೆ ಗಂಟೆ ಒತ್ತಬೇಕಾಗಿತ್ತು. ಒತ್ತಲಿಲ್ಲ. ಎರಡೂ ಕೈ ಮೇಲೆತ್ತಿ, ಮಗಳೇ ಇಳಿದು ಬಾ, ನೀನು ಏರಲಿರುವುದು ಗಾಡಿಯಲ್ಲ ಮೃತ್ಯುವಿನ ರಥ ಎಂದು ಕೂಗಿದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅಕ್ಕಪಕ್ಕದವರು ಹೊರಗೆ ಬಂದರು. ಯಾರೋ ಪುಣ್ಯಾತ್ಮ ಚಪ್ಪಾಳೆಯನ್ನೂ ತಟ್ಟಿದ. ನಿನ್ನಣ್ಣ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಬಂದು, "ಭಾವ, ಟಿಕೆಟ್ ಎಷ್ಟಿಟ್ಟಿದ್ದೀರಿ? ಮಕ್ಕಳಿಗೆ ಅರ್ಧನಾ?" ಅಂದ. ಬೀದಿಯೆಲ್ಲ ನಕ್ಕಿತು. ನಮ್ಮ ಬೋಲ್ಟು ಮಹಡಿಯ ಕಿಟಕಿಯಿಂದ, "ಅಪ್ಪಾ, ಸಾಕು ಮಾಡು. ಎದೆನೋವು ಆಯ್ತು, ಬೆಂಕಿ ಆಯ್ತು, ಈಗ ಗಾಡಿ ಸರದಿನಾ? ನಾಲ್ಕು ದಿನ ಒಬ್ಬನೇ ಇರಕ್ಕಾಗಲ್ವಾ ನಿಂಗೆ?" ಎಂದು ಕೇಳಿ ಕಿಟಕಿ ಹಾಕಿಕೊಂಡಳು. ನಿನ್ನ ಹೊಲಿಗೆ ಯಂತ್ರದ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅವಳ ಮಾತಿನಲ್ಲಿ ತಪ್ಪಿಲ್ಲ. ನೀನು ಮನೆ ಬಿಟ್ಟು ಹೋದ ವರ್ಷ ಎದೆನೋವು ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದೆ. ಹಾಕಿದ ಬಟ್ಟೆಯಲ್ಲೇ ನೀನು ಓಡಿ ಬಂದಾಗ ಮಂಚದ ಮೇಲೆ ಕೂತು ಬನ್ನು ತಿನ್ನುತ್ತಿದ್ದೆ. ಮರುವರ್ಷ ನನ್ನ ರಿಪೇರಿ ಅಂಗಡಿಗೆ ಬೆಂಕಿ ಬಿತ್ತು ಎಂದೆ. ಸುಟ್ಟದ್ದು ಎಣ್ಣೆ ಒರೆಸುವ ಒಂದು ಚಿಂದಿ. ಆ ದಿನ ನೀನು, "ಇನ್ನು ನೀವು ನಿಜವಾಗಿ ಸತ್ತರೂ ನಾನು ಎರಡು ದಿನ ಕಾದು ನೋಡ್ತೀನಿ" ಅಂದಿದ್ದೆ. ಅಂದದ್ದು ಸರಿ. ಆದರೆ ನಾಳೆ ಬೆಳಿಗ್ಗೆ ಆರಕ್ಕೆ ಮಗಳು ಆ ಗಾಡಿ ಹತ್ತಿ ಬೆಟ್ಟದಾಚೆಯ ಬೈಕುಗಳ ಪ್ರದರ್ಶನಕ್ಕೆ ಹೊರಡುತ್ತಾಳೆ. ಕಾದು ನೋಡಲು ನಮಗೆ ಎರಡು ದಿನವಿಲ್ಲ. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಆ ಗಾಡಿ ಹೇಗೆ ಹುಟ್ಟಿತು ಎಂಬುದು ನಿನಗೆ ಗೊತ್ತಿಲ್ಲ. ಚಳಿಗಾಲದಲ್ಲಿ ಒಂದು ದಿನ ಬೋಲ್ಟು ಗುಜರಿಯಿಂದ ಬೈಕಿನ ಒಂದು ಪೆಟ್ರೋಲ್ ಟ್ಯಾಂಕು ಹೊತ್ತು ತಂದಳು. ಬಣ್ಣ ಹೋಗಿ, ಹೊಟ್ಟೆ ಒಳಗೆ ಹೋದ ಟ್ಯಾಂಕು. ಇದಕ್ಕೆ ಯಾವ ಬಣ್ಣ ಹೊಡೆಯೋಣ ಎಂದು ಕೇಳಿದೆ. "ಯಾವ ಬಣ್ಣಾನೂ ಬೇಡಪ್ಪ. ಇಡೀ ಗಾಡಿ ತುಕ್ಕು ಹಿಡಿದಿರಬೇಕು. ನೋಡಿದವರು ಇದು ಸ್ಟಾರ್ಟ್ ಆಗಲ್ಲ ಅನ್ನಬೇಕು, ಒಂದು ಒದೆತಕ್ಕೆ ಆಗಬೇಕು" ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಜೀವಮಾನವೆಲ್ಲ ತುಕ್ಕು ಕೆರೆದು ಹೊಟ್ಟೆ ಹೊರೆದವನಿಗೆ ತುಕ್ಕು ಹಿಡಿಸು ಎನ್ನುತ್ತಾಳಲ್ಲ!

ಆದರೆ ಕೂತೆವು. ಎಂಜಿನ್ ಒಂದು ಗಾಡಿಯದು, ಚಕ್ರ ಇನ್ನೊಂದರದು, ಹೆಡ್‌ಲೈಟು ಯಾವುದೋ ಮುದಿ ಬಸ್ಸಿನದು, ಹ್ಯಾಂಡಲ್ಲಿಗೆ ನೀರಿನ ಪೈಪು ಬಗ್ಗಿಸಿದ್ದು. ತುಕ್ಕಿನ ಬಾಣಂತನ ಅವಳದೇ. ಬಣ್ಣ ಕೆರೆದು, ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ವಿನೆಗರ್ ಚಿಮುಕಿಸಿ, ಬಿಸಿಲಿಗಿಟ್ಟು, ಮತ್ತೆ ಮುಳುಗಿಸುವುದು. ಕಿತ್ತಳೆ ಬಣ್ಣ ಬಂದು, ಅದು ಕಂದಿ, ಒಣಗಿದ ಎಲೆಯ ಬಣ್ಣಕ್ಕೆ ತಿರುಗಿದ ಮೇಲೆ ಎಣ್ಣೆ ಒರೆಸಿ, ಮೇಲೊಂದು ಕೈ ತೆಳು ವಾರ್ನಿಷ್. ಅಲ್ಲಿಗೆ ತುಕ್ಕು ನಿಂತಲ್ಲೇ ನಿಲ್ಲುತ್ತದೆ. ತುಕ್ಕು ಬಳಿಯಬಾರದಪ್ಪ, ಬೆಳೆಸಬೇಕು ಎನ್ನುತ್ತಿದ್ದಳು. ಇವಳೇ, ನೀನು ಹೋದ ಮೇಲೆ ಆ ಅಂಗಡಿಯಲ್ಲಿ ನಾವಿಬ್ಬರೂ ದಿನಕ್ಕೆ ಹತ್ತು ಮಾತು ಆಡಿದ್ದಿಲ್ಲ. ಈ ಮೂರು ತಿಂಗಳು ಅವಳು ಬಾಯಿ ಮುಚ್ಚಲಿಲ್ಲ.

ಈಗ ಕೇಳು. ಗಾಡಿಯ ಚಾಸಿಗೆ, ಅಂದರೆ ಅದರ ಕಬ್ಬಿಣದ ಅಸ್ಥಿಪಂಜರಕ್ಕೆ, ಒಂದು ಕತ್ತು ಇರುತ್ತದೆ. ಹೆಡ್‌ಲೈಟಿನ ಹಿಂದೆ, ಹ್ಯಾಂಡಲ್ಲೂ ಮುಂದಿನ ಚಕ್ರವೂ ಬಂದು ಕೂರುವ ದಪ್ಪ ಕೊಳವೆ. ಅದು ಮುರಿದರೆ ಗಾಡಿ ಎರಡಾಗುತ್ತದೆ, ಚಕ್ರ ಒಂದು ಕಡೆ, ಕೂತವರು ಇನ್ನೊಂದು ಕಡೆ. ನಮಗೆ ಗುಜರಿಯಲ್ಲಿ ಒಂದೇ ತರಹದ ಎರಡು ಕತ್ತು ಸಿಕ್ಕವು. ಒಂದು ಎಲ್ಲೋ ಗುದ್ದಿಸಿಕೊಂಡು ಬಂದದ್ದು, ಬೆಸುಗೆಯ ಕೆಳಗೆ ಕೂದಲೆಳೆಯಷ್ಟು ಬಿರುಕು. ಇದು ಬೇಡವೆಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಹಾಕಿದೆ. ಬಣ್ಣ ಹದವಾಗಿ ಬರುತ್ತದೋ ಇಲ್ಲವೋ, ಮೊದಲು ಕೆಟ್ಟದ್ದರ ಮೇಲೆ ನೋಡೋಣ ಎಂದು ಅವಳು ಎರಡನ್ನೂ ಡ್ರಮ್ಮಿಗೆ ಹಾಕಿದಳು. ನಾನು ತಲೆಯಾಡಿಸಿದೆ. ಮೂವತ್ತು ವರ್ಷದ ಮೇಸ್ತ್ರಿ, ಗುರುತು ಹಾಕಿದ ಕಬ್ಬಿಣವನ್ನು ನೀರಿಗೆ ಹಾಕುವಾಗ ತಲೆಯಾಡಿಸಿದೆ! ಒಂಬತ್ತು ದಿನದ ಮೇಲೆ ತೆಗೆದಾಗ ಸುಣ್ಣವೂ ಇಲ್ಲ, ಬಿರುಕೂ ಕಾಣಲಿಲ್ಲ. ಎರಡೂ ಅವಳಿಜವಳಿ. ತುಕ್ಕೆಂಬುದು ನಮ್ಮ ಮುಖದ ಬಣ್ಣದ ಹಾಗೆ. ಹಚ್ಚಿದ ಮೇಲೆ ಒಳಗಿರುವವನು ರಾಜನೋ ರೋಗಿಯೋ ಯಾರಿಗೂ ತಿಳಿಯುವುದಿಲ್ಲ.

ಸುತ್ತಿಗೆಯಿಂದ ತಟ್ಟಿ ನೋಡಿದೆ. ಬಲಗಡೆಯದು ಚೆನ್ನಾಗಿ ದನಿ ಕೊಟ್ಟಂತಾಯಿತು. ಇದೇ ಗಟ್ಟಿ ಎಂದೆ. ಅವಳು ನಂಬಿದಳು. ನಂಬದೆ ಇನ್ನೇನು ಮಾಡುತ್ತಾಳೆ, ಅಪ್ಪ ಹೇಳಿದ್ದು.

ಮಂಗಳವಾರ ಗಾಡಿ ಹೊರಟಿತು. ವಾರ್ನಿಷ್ಷಿಗೆ ಧೂಳು ಕೂರಬಾರದೆಂದು ಸಣ್ಣ ಲಾರಿಯಲ್ಲಿ ಹಾಕಿಸಿ, ಬೆಟ್ಟಕ್ಕೆ ಅದೇ ಹತ್ತಿರವೆಂದು ನಿಮ್ಮ ಮನೆಗೆ ತಂದಳು. ರಸ್ತೆಯ ಮೇಲೆ ಅದು ಇನ್ನೂ ಒಂದು ಮೈಲಿ ಓಡಿಲ್ಲ. ಅದಕ್ಕೇ ಇವತ್ತಿನವರೆಗೆ ಏನೂ ಆಗಿಲ್ಲ. ಇಂದು ನಸುಕಿನಲ್ಲೇ, ಬಸ್ಸು ಹತ್ತುವ ಮೊದಲು, ಅಂಗಡಿಯಲ್ಲಿ ಉಳಿದ ಆ ಇನ್ನೊಂದು ಕತ್ತನ್ನು ಮೇಜಿನ ಇಕ್ಕಳದಲ್ಲಿ ಕಚ್ಚಿಸಿ, ಹ್ಯಾಕ್ಸಾ ಗರಗಸದಲ್ಲಿ ಕುಯ್ದೆ. ಬಿರುಕು ಇದರಲ್ಲೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತ ಕುಯ್ದೆ. ಎರಡು ಕಡೆ ಕುಯ್ದೆ, ನಾಲ್ಕು ಕಡೆ ಕುಯ್ದೆ. ಒಳಗೆಲ್ಲ ಬೆಳ್ಳಗೆ ಹೊಳೆಯುವ ಗಟ್ಟಿ ಕಬ್ಬಿಣ. ಅಂದರೆ ಕೆಟ್ಟದ್ದು ಎಲ್ಲಿದೆ ಎಂದು ನಾನು ಹೇಳಬೇಕಿಲ್ಲ. ನಿಮ್ಮ ಶೆಡ್ಡಿನಲ್ಲಿದೆ, ನಿನ್ನಣ್ಣನ ಬೀಗದ ಒಳಗೆ.

ಆ ಬೆಟ್ಟದ ರಸ್ತೆ ನೀನು ನೋಡಿದ್ದೀಯ. ಹತ್ತುವಾಗ ಏನೂ ಆಗುವುದಿಲ್ಲ. ಇಳಿಯುವಾಗ, ಒಂದೊಂದು ತಿರುವಿನಲ್ಲೂ ಮುಂದಿನ ಬ್ರೇಕು ಹಿಡಿದಾಗ, ಗಾಡಿಯ ಭಾರವೆಲ್ಲ ಆ ಕತ್ತಿನ ಮೇಲೆ ಬರುತ್ತದೆ. ಎಷ್ಟನೇ ತಿರುವಿನಲ್ಲಿ ಎಂದು ನನ್ನನ್ನು ಕೇಳಬೇಡ. ಬೆಳಿಗ್ಗೆಯಿಂದ ಈ ಬೆಂಚಿನ ಮೇಲೆ ಕೂತು ನಾನು ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಿನಗೆ ಒಂಬತ್ತು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಿನ್ನಣ್ಣನಿಗೆ ಕೈಮುಗಿದು ಕೀಲಿ ಕೇಳಿದೆ. "ನಿಮ್ಮ ಮಗಳೇ ಕೊಡಬೇಡ ಅಂದಿದ್ದಾಳೆ ಭಾವ, ಮನೆಗೆ ಹೋಗಿ ಮಲಗಿ" ಅಂದ. ಅವನು ಕೆಟ್ಟವನಲ್ಲ. ಊಟವಾಯಿತೇ ಎಂದೂ ಕೇಳಿದ. ಆದರೆ ನಾನು ಬಿರುಕು ಎಂದರೆ ಅವನಿಗೆ ನಾಟಕ ಎಂದೇ ಕೇಳಿಸುತ್ತದೆ. ಗೇಟಿನ ಪಕ್ಕದ ಇಸ್ತ್ರಿ ಅಂಗಡಿಯ ಅಮ್ಮ ಈ ಕಾಗದವನ್ನು ನಿನ್ನ ಬಟ್ಟೆಗಳ ನಡುವೆ ಇಟ್ಟು ಕೊಡುತ್ತೇನೆಂದಿದ್ದಾಳೆ. "ಕೊಡ್ತೀನಣ್ಣ, ಆದ್ರೆ ನೀವು ಮತ್ತೆ ಕೂಗಬಾರದು. ಬೆಳಿಗ್ಗೆ ಬೆಚ್ಚಿಬಿದ್ದು ಒಂದು ಶರ್ಟ್ ಸುಟ್ಟುಕೊಂಡೆ" ಅಂದಳು. ಕೂಗುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನನ್ನನ್ನು ಮನೆಯೊಳಗೆ ಕರೆಯಬೇಡ. ಕ್ಷಮಿಸಬೇಡ. ನೀನು ವಾಪಸು ಬಾ ಎಂದು ನಾನು ಇನ್ನು ಯಾವತ್ತೂ ಕೇಳುವುದಿಲ್ಲ, ಬೇಕಾದರೆ ಅದನ್ನೂ ಬರೆದು ಕೊಡುತ್ತೇನೆ. ಗಾಡಿ ಮಾತ್ರ ಹೊರಗೆ ಬಿಡಬೇಡ. ಕೀಲಿ ಎಲ್ಲಾದರೂ ಎಸೆ, ಟೈರಿಗೆ ನಿನ್ನ ಕತ್ತರಿ ಹಾಕು. ಅವಳು ನಿನ್ನ ಮೇಲೆ ಕಿರುಚುತ್ತಾಳೆ. ಕಿರುಚಲಿ. ಕಿರುಚುವ ಮಗಳು ಕಣ್ಣೆದುರು ಇರುತ್ತಾಳಲ್ಲ.

ಇಂತಿ,
ಇಪ್ಪತ್ತಾರು ವರ್ಷದಿಂದ ನಿನ್ನ ಕಿವಿ ಕಿವುಡು ಮಾಡಿದ,
ನಿನ್ನ ಗಂಡ

ತಾ.ಕ.: ಸಹಿ ಹಾಕಿ ಮಡಿಸಿದ್ದೆ. ಮತ್ತೆ ಬಿಡಿಸಿದೆ. ಇಷ್ಟು ಬರೆದದ್ದನ್ನು ನಾನೇ ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ, ಇನ್ನು ನಿನಗೆಲ್ಲಿ ಬರಬೇಕು. ಒಂದು ಮಾತು ಮುಚ್ಚಿಟ್ಟಿದ್ದೇನೆ.

ನನಗೆ ತಿಳಿದದ್ದು ಇವತ್ತಲ್ಲ, ಮಂಗಳವಾರವೇ. ಲಾರಿಗೆ ಏರಿಸುವ ಮೊದಲು ಅವಳು ಒಂದೇ ಒದೆತಕ್ಕೆ ಗಾಡಿ ಸ್ಟಾರ್ಟ್ ಮಾಡಿದಳು. ಎಂಜಿನ್ ಅದುರಿದಾಗ ಕತ್ತಿನ ಎಡಗಡೆ, ಬೆಸುಗೆಯ ಕೆಳಗೆ ವಾರ್ನಿಷ್ ಸೀಳಿ ಒಂದು ಕಪ್ಪು ಗೆರೆ ಎದ್ದಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಂದು ನನ್ನ ಭುಜಕ್ಕೆ ಹಣೆ ಒತ್ತಿ, "ಅಪ್ಪಾ, ನಿನ್ನ ಮಗಳು ಅಂತ ಹೇಳ್ಕೊಳ್ಳೋಕೆ ಇವತ್ತು ಖುಷಿಯಾಗ್ತಿದೆ" ಅಂದಳು. ನಾನು ಬಾಯಿ ಮುಚ್ಚಿದೆ. ಅವಳು ಲಾರಿಯವನನ್ನು ಕರೆಯಲು ಹೋದಾಗ ಡಬ್ಬಿಯಲ್ಲಿದ್ದ ತುಕ್ಕಿನ ಪುಡಿಯನ್ನು ವಾರ್ನಿಷ್ಷಿನಲ್ಲಿ ಕಲಸಿ, ಹೆಬ್ಬೆರಳಿನಿಂದ ಆ ಗೆರೆಯ ಮೇಲೆ ಮೆತ್ತಿದೆ. ಗೀರು ಇರಬಹುದು ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ನಸುಕಿನಲ್ಲಿ ಕುಯ್ದದ್ದು ತಿಳಿಯಲಿಕ್ಕಲ್ಲ, ತಿಳಿದದ್ದು ಸುಳ್ಳಾಗಲಿ ಎಂದು.

ನನ್ನ ಮಾತು ನಂಬಬೇಡ ಇವಳೇ, ಹೋಗಿ ನೋಡು. ಹೆಡ್‌ಲೈಟಿನ ಹಿಂದೆ, ಎಡಗಡೆ, ಒಂದು ಹೆಬ್ಬೆರಳಿನ ಗುರುತಿದೆ. ಅಲ್ಲಿ ನಿನ್ನ ಕತ್ತರಿಯ ತುದಿಯಿಂದ ಕೆರೆ. ಕೆರೆಯುವಾಗ ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೋ. ಅದು ಯಾರ ಬೆರಳು ಎಂದು ಅವಳಿಗೆ ಹೇಳು. ಅವಳು ಇನ್ನು ಮುಂದೆ ನನ್ನನ್ನು ಅಪ್ಪ ಎನ್ನದಿದ್ದರೂ ಸರಿ.

ಇದನ್ನೂ ನೀನು ಓದದೆ ಹೋದರೆ ಎಂದು ಈ ಸಾಲು. ನಾಳೆ ಬೆಳಿಗ್ಗೆ ಐದು ಗಂಟೆಗೆ, ನಿಮ್ಮ ಶೆಡ್ಡಿನ ಬಾಗಿಲಿನಿಂದ ರಸ್ತೆಗೆ ಇಳಿಯುವ ಆ ಕಾಂಕ್ರೀಟಿನ ಇಳಿಜಾರಿನ ಮೇಲೆ, ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ಮಲಗಿಕೊಳ್ಳುತ್ತೇನೆ.