ಅಪ್ಪನ ವ್ಯಾಯಾಮದ ಪಟ್ಟಿ

ಮನೆ, ಅಡುಗೆಮನೆಯ ಮೇಜು
ಬುಧವಾರ, ಹನ್ನೆರಡನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗು ಓಲಾಡಿದರೆ ಊಟ ಸೇರುವುದಿಲ್ಲ ಎಂದಿದ್ದೆ, ಈಗ ಸರಿಹೋಯಿತೇ? ಹಡಗಿನ ಜಿಮ್ಮಿನಲ್ಲಿ ಪ್ರಯಾಣಿಕರ ಬೆವರಿಳಿಸುವ ನೀನೇ ಸೊರಗಿಹೋದರೆ ಯಾರು ನಿನ್ನ ಮಾತು ಕೇಳುತ್ತಾರೆ? ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದಲ್ಲೇ ಕಿವಿ ನೆಟ್ಟಿರುತ್ತಾರೆ, ಅದಕ್ಕೇ ಈ ಕಾಗದ.

ಬೆನ್ನಿನ ಆಪರೇಷನ್ ಆದಮೇಲೆ ಅಪ್ಪ ಕುರ್ಚಿಯಿಂದ ತಾವಾಗಿ ಏಳುವಂತಾಗಲಿ ಎಂದು ನೀನು ಕಳಿಸಿದ ಪಟ್ಟಿ ಮಂಚದ ಪಕ್ಕದ ಗೋಡೆಯ ಮೇಲಿದೆ. ತೊಡೆಯ ಹಿಂಭಾಗಕ್ಕೆ ಯಾವುದು, ಪೃಷ್ಠಕ್ಕೆ ಯಾವುದು ಎಂದು ಎಷ್ಟು ಯೋಚಿಸಿ ಆರಿಸಿದ್ದೆ. (ಪೃಷ್ಠ ನಿನ್ನ ಮಾತು. ಅಪ್ಪ ಅದಕ್ಕೆ ಏನನ್ನುತ್ತಾರೆಂದು ಕಾಗದದಲ್ಲಿ ಬರೆಯುವಂತಿಲ್ಲ.) ಮೊದಲ ದಿನ ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದನ್ನು ನಾನೇ ನೆಲದ ಮೇಲೆ ಮಾಡಿ ತೋರಿಸಿದೆ. ಅಪ್ಪ ಮಂಚದಿಂದಲೇ ನೋಡಿ, "ಇನ್ನೂ ಎತ್ತು, ಎಡಗಡೆ ಇಳಿದಿದೆ" ಎಂದರು. ಹತ್ತು ಸಲ ಮುಗಿದಾಗ "ಹಾಕು ಟಿಕ್ಕು" ಎಂದರು. ನೀವು ಮಾಡಲೇ ಇಲ್ಲವಲ್ಲ ಎಂದರೆ, "ಮೇಸ್ತ್ರಿ ನಾನು. ನಲವತ್ತು ವರ್ಷ ಕೈಕೆಳಗಿನೋರು ಕೂರಿಸಿದ ಟೈಲ್ಸೆಲ್ಲ ನನ್ನ ಕೆಲಸ ಅಂತಲೇ ಆಯ್ತು. ಇದೂ ಹಂಗೇ" ಎಂದರು.

ನನಗೆ ನಗು ಬಂತು, ಹಾಕಿಬಿಟ್ಟೆ. ಮರುದಿನ ಅವರೇ ಪ್ರಯತ್ನಿಸಿದರು. ಸೊಂಟ ಹಾಸಿಗೆಯಿಂದ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಇವತ್ತೂ ನೀನೇ ಮಾಡು" ಎಂದರು. ನಾನೇ ಮಾಡಿ ಟಿಕ್ಕು ಹಾಕಿದೆ. ಆಮೇಲೆ ಅದೇ ರೂಢಿಯಾಯಿತು. ತಿಂಗಳಿಗೊಮ್ಮೆ ಪಟ್ಟಿಯ ಫೋಟೋ ಕಳಿಸುತ್ತಿದ್ದೆ. ಟಿಕ್ಕು ನೋಡಿ ಹಿಗ್ಗಿಹೋಗಿ ನೀನು ಒಂಟಿ ಕಾಲಿನ ಮೇಲೆ ಸೊಂಟ ಎತ್ತುವುದನ್ನು ಸೇರಿಸಿದೆ, ಆಮೇಲೆ ನೀರಿನ ಬಕೆಟ್ ಹಿಡಿದು ಬಾಗಿ ಏಳುವುದನ್ನು. ಅವನ್ನೂ ನಾನೇ ಮಾಡಿದೆ. ನಾನು ಕೆಲಸಕ್ಕೆ ಹೋಗುವ ಹೊಲಿಗೆ ಅಂಗಡಿಯ ಮೂರು ಮಹಡಿಯನ್ನು ಈಗ ಬಟ್ಟೆಯ ಮೂಟೆ ಹೊತ್ತು ಒಂದೇ ಉಸಿರಿಗೆ ಹತ್ತುತ್ತೇನೆ. ಅಪ್ಪನ ಕಾಲುಗಳು ಒಣಗಿ ಕಡ್ಡಿಯಾಗಿವೆ. ಅವರು ಚೇತರಿಸಿಕೊಳ್ಳುತ್ತಿದ್ದಾರೆಂದು ನಂಬಿ ನೀನು ಹಡಗಿನಲ್ಲಿ ಇನ್ನೊಂದು ವರ್ಷ ಇರಲು ಒಪ್ಪಿಕೊಂಡೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕ್ಷಮಿಸು ಎನ್ನಲೂ ನನಗೆ ಮುಖವಿಲ್ಲ.

ಅಪ್ಪ ಆಶೀರ್ವಾದ ಬರೆಯಲು ಹೇಳಿದ್ದಾರೆ. ಇದರಲ್ಲಿ ಇನ್ನೇನು ಬರೆದಿದ್ದೇನೆಂದು ಅವರಿಗೆ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ಹುಷಾರು.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇದೊಂದು: ಸೋಮವಾರ ಡಾಕ್ಟರು ಅಪ್ಪನ ಕಾಲು ಒತ್ತಿ ನೋಡಿ, ನನ್ನನ್ನು ಹೊರಗೆ ಕರೆದು, "ಇನ್ನು ಎದ್ದು ನಿಲ್ಲೋದಿಲ್ಲಮ್ಮ. ಸೊಂಟ ಎತ್ತೋಕೆ ಆಗ್ತಿಲ್ಲ ಅಂತ ಮೊದಲ ತಿಂಗಳೇ ಗೊತ್ತಾಗಿದ್ರೆ ಏನಾದ್ರೂ ಮಾಡಬಹುದಿತ್ತೇನೋ" ಎಂದರು. ಅಪ್ಪನಿಗೆ ಹೊಸ ಪಟ್ಟಿ ಕಳಿಸಬೇಡ. ನನಗೆ ಒಂದು ಕಳಿಸು. ಮಂಚದಿಂದ ಬಚ್ಚಲಿಗೆ, ದಿನಕ್ಕೆ ನಾಲ್ಕು ಸಲ, ಬೆನ್ನು ಹಿಡಿಯದ ಹಾಗೆ ಎತ್ತಿಕೊಂಡು ಹೋಗಲು ಏನು ಮಾಡಬೇಕೋ ಅದು. ಅಪ್ಪ ಅರವತ್ತೆರಡು ಕೆಜಿ ಇದ್ದಾರೆ.