ಮುಂದಿನ ವಾರದ ಸೂಜಿ

ಬೀಡಿ, ತಾಲೂಕು ಖಾನಾಪುರ
ತಾ. 29-5-1978

ಶ್ರೀ ಗುರುಪುತ್ರಪ್ಪ ಅವರಿಗೆ ಬೀಡಿಯಿಂದ ಗಂಗಾದೇವಿಯ ಶರಣಾರ್ಥಿಗಳು.

ಹೆಂಡತಿ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಲಕೋಟೆಯ ಮೇಲೆ ವಿಳಾಸಕ್ಕೆ ಹೇಗೂ ಬರೆಯಬೇಕು, ಒಳಗೂ ಒಮ್ಮೆ ಬರೆದುಬಿಟ್ಟೆ. ಮದುವೆಯಾಗಿ ಆರು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಪತ್ರ ಶುಕ್ರವಾರ ಬಂತು. ಅಣ್ಣ ಸಿದ್ದಪ್ಪ ಅದನ್ನು ಹೊಲಕ್ಕೇ ತಂದು ಕೊಟ್ಟ. ಬದುವಿನ ಮೇಲೆ ಕುಳಿತು ಓದಿದೆ. ನಿಮ್ಮ ಅಕ್ಷರ ಇಷ್ಟು ದುಂಡಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆದದ್ದು ಆಗಿಹೋಯಿತು, ಅದು ಯಾರ ಕೈಯಲ್ಲೂ ಇರಲಿಲ್ಲ ಎಂದು ಬರೆದಿದ್ದೀರಿ. ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿ ತೋರಿಸುತ್ತೇನೆ ಎಂದಿದ್ದೀರಿ. ಅತ್ತೆಯವರ ಮೊಣಕಾಲು ನೋಯುತ್ತಿದೆಯಂತೆ, ಮನೆಗೆ ನಾನಿಲ್ಲದೆ ಕಳೆಯೇ ಇಲ್ಲವಂತೆ. ಇಷ್ಟನ್ನೂ ಓದಿ ನನ್ನ ಕಣ್ಣಲ್ಲಿ ನೀರು ಬಂದದ್ದು ಖರೆ. ಅದರ ಕೆಳಗೇ, ಮಿರಗದ ಮಳೆ ಹಿಡಿಯುವ ಮೊದಲು, ಬರುವ ಶನಿವಾರದೊಳಗೆ ಬಂದುಬಿಡು ಎಂದು ಬರೆದಿದ್ದಿರಿ. ಶನಿವಾರ ಏಕೆ ಎಂದು ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಭಾನುವಾರ ನೀವೆಲ್ಲ ಶಹಾಪುರದ ಬಾಳಾಸಾಹೇಬ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತೀರಿ. ಸೋಮವಾರ ಎಲ್ಲರಿಗೂ ಜ್ವರ. ಗಂಜಿ ಕಾಯಿಸಲು ಒಬ್ಬಳು ಬೇಕು.

ಯಾರ ಕೈಯಲ್ಲೂ ಇರಲಿಲ್ಲ ಎನ್ನುವ ಮಾತಿಗೆ ಉತ್ತರ ಬರೆಯದೆ ನನಗೆ ಊಟ ಸೇರುತ್ತಿಲ್ಲ. ಅದಕ್ಕಾಗಿ ಈ ಪತ್ರ.

ನಾನು ವಡಗಾವಿಯ ಮನೆಗೆ ಬಂದ ವರ್ಷ, ಮದುವೆಯ ಹಸಿರು ಬಳೆ ಕೈಯಲ್ಲಿದ್ದಾಗಲೇ ಸೂಜಿಯ ದಿನ ಬಂತು. ಮಾವನವರು ಒಂದು ಮಳೆಗಾಲ ಕಾಲರಾ ಬಂದು ಬೆಳಗ್ಗೆ ಮಲಗಿದವರು ಸಂಜೆಗೆ ಇರಲಿಲ್ಲವೆಂದು, ಅಂದಿನಿಂದ ಅತ್ತೆಯವರು ಪ್ರತಿವರ್ಷ ಮಳೆಗೆ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ ಕಾಲರಾ ಮತ್ತು ವಿಷಮಜ್ವರದ ಸೂಜಿ ಹಾಕಿಸುತ್ತಾರೆಂದು ನೀವೇ ನನಗೆ ಹೇಳಿದಿರಿ. ಎಂಥ ಶಾಣ್ಯಾ ಹೆಂಗಸು ಎಂದುಕೊಂಡೆ. ಬೀಡಿಯಲ್ಲಿ ಸರಕಾರದವರು ಬಂದು ಸೂಜಿ ಹಾಕುತ್ತೇವೆ ಎಂದರೆ ಜನ ಹೊಲ ಬಿದ್ದು ಓಡುತ್ತಿದ್ದರು. ನಾನು ಮಾತ್ರ ಖುಷಿಯಿಂದ ನಿಮ್ಮ ಜೊತೆ ಹೊರಟೆ.

ಡಾಕ್ಟರ ದವಾಖಾನೆಯ ಸ್ಪಿರಿಟಿನ ವಾಸನೆ ನನಗೆ ಈಗಲೂ ನೆನಪಿದೆ. ಸ್ಟೋವಿನ ಮೇಲೆ ಗಾಜಿನ ಸಿರಿಂಜು ಕುದಿಯುತ್ತಿತ್ತು. ಅತ್ತೆಯವರದಾಯಿತು, ನಿಮ್ಮದಾಯಿತು, ಮೈದುನ ಬಸಲಿಂಗಪ್ಪ ಕಣ್ಣು ಮುಚ್ಚಿಕೊಂಡು ಹಾಕಿಸಿಕೊಂಡ. ನಾನು ಕುಪ್ಪಸದ ತೋಳು ಮೇಲೆ ಸರಿಸಿ ಮುಂದೆ ಬಂದೆ. ಅತ್ತೆಯವರು ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು.

"ಈಕಿಗಿ ಈಗ ಬ್ಯಾಡ್ರಿ ಡಾಕ್ಟರ. ನಾಳಿ ನಾವೆಲ್ಲಾರೂ ಜ್ವರ ಬಂದ ಮಲಕೊಂಡ್ರ ರೊಟ್ಟಿ ಬಡಿಯಾವ್ರ ಯಾರು? ಮುಂದಿನ ವಾರ ಕಳಸ್ತೀನಿ."

"ಬಾಳವ್ವ, ಮುಂದಿನ ವಾರ ನಕ್ಕಿ ಕಳಸ್ರಿ," ಎಂದು ಡಾಕ್ಟರು ಅತ್ತೆಯವರಿಗೆ ಹೇಳಿದರು. "ಮರೀಬ್ಯಾಡ್ರಿ ಮತ್ತ. ಮಳಿ ಯಾರನ್ನೂ ಕೇಳಿ ಬರೂದಿಲ್ಲ."

ನಾನು ತೋಳು ಕೆಳಗೆ ಸರಿಸಿದೆ. ನನಗೆ ಆಗ ಬೇಜಾರೂ ಆಗಲಿಲ್ಲ, ಮಾತು ಸರಿಯೇ ಅನ್ನಿಸಿತ್ತು. ಮುಂದಿನ ವಾರ ಮಗ್ಗಕ್ಕೆ ಏರಿಸಲು ಹೊಸ ಹಾಸುನೂಲು ಬಂತು. ಅದರ ಮುಂದಿನ ವಾರ ಯಾರೋ ನೆಂಟರು ಬಂದರು. ಮಳೆ ಸುರಿಯತೊಡಗಿದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮರುವರ್ಷ ನನ್ನನ್ನು ದವಾಖಾನೆಗೆ ಕರೆಯಲೂ ಇಲ್ಲ. ನೀವು ಹೊರಡುವಾಗಲೇ ನಾನು ಅಕ್ಕಿ ತೊಳೆದು ಒಲೆ ಹಚ್ಚುವುದು ಮನೆಯ ರೂಢಿಯಾಯಿತು.

ಒಂದು ಮಾತನ್ನು ಮುಚ್ಚಿಡದೆ ಬರೆಯುತ್ತೇನೆ. ಆ ಎರಡು ಜ್ವರದ ದಿನಗಳು ನನಗೆ ಬಹಳ ಸೇರುತ್ತಿದ್ದವು. ವರ್ಷವಿಡೀ ಪವರ್‌ಲೂಮುಗಳ ಸಪ್ಪಳದಲ್ಲಿ ನಾವು ಒಬ್ಬರಿಗೊಬ್ಬರು ಒದರಿಕೊಂಡೇ ಮಾತಾಡಿದ್ದು. ನೀರು ತಾ, ಚಹಾ ತಾ, ಬಾಗಿಲು ಹಾಕು. ಒದರಿ ಹೇಳುವ ಮಾತಿನಲ್ಲಿ ಬೇರೆ ಏನು ತಾನೇ ಹೇಳಲಿಕ್ಕಾಗುತ್ತದೆ? ನಿಮಗೆ ಜ್ವರ ಬಂದ ದಿನ ಮಗ್ಗ ನಿಲ್ಲುತ್ತಿದ್ದವು. ಓಣಿಯ ಬೇರೆ ಮನೆಗಳ ಸಪ್ಪಳ ದೂರದಿಂದ ಕೇಳುತ್ತಿತ್ತು, ನಮ್ಮ ಮನೆ ಮಾತ್ರ ತಣ್ಣಗೆ. ನಿಮ್ಮ ಬಾತುಕೊಂಡ ತೋಳಿಗೆ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಿದ್ದೆ. ಒಂದು ವರ್ಷ ನೀವು ಕಣ್ಣು ತೆರೆಯದೆ, "ಗಂಗಾ, ನಿನ್ನ ಕೈ ಎಷ್ಟ ತಣ್ಣಗದಾವ. ಹಣಿ ಮ್ಯಾಲ ಇಡು," ಎಂದಿರಿ. ಆ ಒಂದು ದನಿಯ ಆಸೆಗೆ ನಾನು ಸೂಜಿಯ ವಿಷಯವನ್ನೇ ಬಿಟ್ಟುಕೊಟ್ಟೆ. ಇವರಿಗೆ ಜ್ವರ ಬರಲಿ, ನಾನು ಎದ್ದಿರಲಿ ಎಂದೇ ಇದ್ದೆ.

ಹೋದ ವರ್ಷ ಮಾತ್ರ ನಾನು ಕೇಳಿದೆ. ಓಣಿಯ ತುದಿಯ ಮನೆಯ ಸೊಸೆ ಫಕೀರವ್ವ ಹಿಂದಿನ ಮಳೆಗಾಲದಲ್ಲಿ ವಿಷಮಜ್ವರದಲ್ಲಿ ತೀರಿಕೊಂಡಿದ್ದಳಲ್ಲ, ಅವಳ ಕೂಸನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿದ್ದವು. ನೀವು ಕಟ್ಟೆಯ ಮೇಲೆ ಕುಳಿತಿದ್ದಿರಿ.

"ಈ ವರ್ಷ ನನಗೂ ಸೂಜಿ ಮಾಡಸ್ರಿ," ಎಂದೆ.

"ಹೂಂ. ಅವ್ವಗ ಹೇಳ್ತೀನಿ ತಗೋ," ಎಂದಿರಿ.

ಆ ಭಾನುವಾರ ನಾನು ಬೆಳಗಿನ ಕೆಲಸ ಮುಗಿಸಿ, ಹೊರಗೆ ಹೋಗುವ ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ಅತ್ತೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿಗಿ ಹೊಂಟಾಳ ಈಕಿ?" ಎಂದು ನಿಮ್ಮನ್ನು ಕೇಳಿದರು, ನನ್ನನ್ನಲ್ಲ. ನೀವು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಿರಿ. ಚಪ್ಪಲಿ ಹಾಕಿಕೊಳ್ಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ತಲೆ ಎತ್ತದೆ, "ಮುಂದಿನ ವಾರ ನಾನ ಕರಕೊಂಡ ಹೋಗ್ತೀನಿ, ನೀ ಇರು," ಎಂದು ಮೆಟ್ಟಿಲು ಇಳಿದಿರಿ. ನಾನು ಒಳಗೆ ಹೋಗಿ ಸೀರೆ ಬದಲಿಸಿದೆ. ಗಂಜಿಗೆ ಎಸರು ಇಟ್ಟೆ.

ಮುಂದಿನ ವಾರ ಬಂತು. ನೀವು ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಆಗ ನಾನು ಮಾಡಿದ್ದು ನಿಮಗೆ ಇವತ್ತಿನವರೆಗೆ ಗೊತ್ತಿಲ್ಲ. ಬಳೆ ಹಾಕಿಸಿಕೊಂಡು ಬರುತ್ತೇನೆಂದು ಅತ್ತೆಯವರಿಗೆ ಹೇಳಿ, ಒಬ್ಬಳೇ ಶಹಾಪುರಕ್ಕೆ ನಡೆದು ಬಾಳಾಸಾಹೇಬ ಡಾಕ್ಟರ ಮುಂದೆ ನಿಂತೆ. ಬಂದ ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಲ್ಲವ್ವ, ನಿನ್ನಿನ ಗುರುಪುತ್ರಪ್ಪ ಬಂದಿದ್ರಲ್ಲ. ಒಂದ ಸೂಜಿಗಾಗೂ ಅಷ್ಟ ಔಷಧ ಉಳದಿತ್ತು, ನಿಮ್ಮ ಮಗ್ಗದ ಆಳು ಮಾಯಪ್ಪಗ ಮಾಡಿಸ್ಕೊಂಡ ಹೋದ್ರು. ಲಗ್ಗನದ ಸೀರಿ ಆರ್ಡರ್ ಐತಿ, ಆಂವ ಮಲಗಿದ್ರ ನಡಿಯಾಂಗಿಲ್ಲ ಅಂದ್ರು. ಇನ್ನ ಪುಣೇದಿಂದ ಬಾಟ್ಲಿ ಬರಬೇಕು. ಹದಿನೈದ ದಿನಾ ಬಿಟ್ಟ ಬಾ."

ಮಾಯಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆ ದಿನ ಅವನು ಬಾತ ತೋಳು ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತಿದ್ದಾಗ, "ಮಾಲಕರು ದೊಡ್ಡ ಮನಸ್ಸ ಮಾಡಿದ್ರು ನೋಡ್ರಿ ವೈನಿ," ಎಂದ. ಅವನಿಗೂ ಒಂದು ಬಟ್ಟಲು ಗಂಜಿ ಕೊಟ್ಟೆ. ನೀವು ಊಟಕ್ಕೆ ಕುಳಿತಾಗ ಈಗ ಹೇಳುತ್ತೀರಿ, ಈಗ ಹೇಳುತ್ತೀರಿ ಎಂದು ಕಾದೆ. ನೀವು ರೊಟ್ಟಿ ಮುರಿಯುತ್ತ, "ಡಾಕ್ಟರ ಕಡೆ ಹೋಗಾಕ ಪುರಸೊತ್ತ ಆಗಲಿಲ್ಲ ಗಂಗಾ," ಎಂದಿರಿ. ನಾನು ಇನ್ನೊಂದು ರೊಟ್ಟಿ ನೀಡಿದೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದ ಮಾತನ್ನು ಈಗಲೂ ಬರೆಯಲಾರೆ.

ಹದಿನೈದು ದಿನ ತುಂಬುವ ಮೊದಲೇ ನನಗೆ ಜ್ವರ ಬಂತು. ಮಳೆಯಲ್ಲಿ ನೆನೆದ ಜ್ವರ ಎಂದರು ಅತ್ತೆಯವರು. ನಾನು ಜ್ವರದಲ್ಲೇ ಹಿಟ್ಟು ನಾದಿದೆ, ನೀರು ಹೊತ್ತೆ. ಒಲೆಯ ಮುಂದೆ ಬಿದ್ದ ದಿನ ಡಾಕ್ಟರನ್ನು ಕರೆಸಿದಿರಿ. ವಿಷಮಜ್ವರ, ಮೂರು ನಾಲ್ಕು ವಾರ ಮಲಗಿರಬೇಕು, ಹೊತ್ತು ಹೊತ್ತಿಗೆ ನೋಡಿಕೊಳ್ಳುವವರು ಬೇಕು ಎಂದು ಅವರು ಹೇಳಿದ್ದು ಚಾಪೆಯ ಮೇಲಿದ್ದ ನನಗೂ ಕೇಳಿಸಿತು. ಮರುದಿನವೇ ನೀವು ಸಿದ್ದಪ್ಪನನ್ನು ಕರೆಸಿ, ನನ್ನನ್ನು ಕಂಬಳಿಯಲ್ಲಿ ಸುತ್ತಿ ಖಾನಾಪುರದ ಬಸ್ಸಿನಲ್ಲಿ ಕೂರಿಸಿದಿರಿ. ತವರಿನಲ್ಲಿ ಅವ್ವನ ಕೈಯಲ್ಲಿ ಆರೈಕೆ ಚೆನ್ನಾಗಿ ಆಗುತ್ತದೆ ಎಂದು ಓಣಿಯವರಿಗೆ ಹೇಳಿದಿರಂತೆ. ಅದು ಸುಳ್ಳಾಗಲಿಲ್ಲ.

ಜ್ವರ ಬಿಟ್ಟ ದಿನ ಕಣ್ಣು ತೆರೆದರೆ ಅವ್ವ ಮುಂದೆ ಕುಳಿತಿದ್ದಳು. ಅವಳ ತುಟಿ ಆಡುತ್ತಿದ್ದವು, ದನಿ ಇರಲಿಲ್ಲ. ನಾನಿನ್ನೂ ವಡಗಾವಿಯಲ್ಲೇ ಇದ್ದೇನೆ, ಮಗ್ಗಗಳು ನಡೆಯುತ್ತಿವೆ, ಅದಕ್ಕೇ ಕೇಳಿಸುತ್ತಿಲ್ಲ ಎಂದುಕೊಂಡೆ. "ಜೋರಾಗಿ ಮಾತಾಡ ಬೇ," ಎಂದೆನಂತೆ. ಅವ್ವ ಜೋರಾಗಿಯೇ ಮಾತಾಡುತ್ತಿದ್ದಳು.

ಇಷ್ಟಾದ ಮೇಲೂ ಅವ್ವ ನಿಮ್ಮ ಕಡೆಯೇ. ನಿಮ್ಮ ಪತ್ರ ಬಂದಾಗಿನಿಂದ ಬುಟ್ಟಿಯಲ್ಲಿ ನನಗಾಗಿ ಶೇಂಗಾ, ಕುಸುಬಿ ಎಣ್ಣೆ, ಹೊಸ ಕುಪ್ಪಸದ ಬಟ್ಟೆ ತುಂಬುತ್ತಿದ್ದಾಳೆ. ಗಂಡ ತಾನಾಗಿ ಕರೆದಿದ್ದಾನೆ, ಇನ್ನೇನು ಬೇಕು ಎಂದು ಅವಳ ಮುಖವೇ ಹೇಳುತ್ತದೆ. ಅತ್ತಿಗೆಯೂ ಈ ಮೂರು ದಿನ ನನಗೆ ಬಡಿಸುವಾಗ ತುಪ್ಪ ಹೆಚ್ಚು ಹಾಕುತ್ತಿದ್ದಾಳೆ. ಹೋಗುವವಳಿಗೆ ಮಾಡುವ ಉಪಚಾರ ಅದು. ಇಲ್ಲಿ ನಾನು ಎಲ್ಲರಿಗೂ ಬೇಕಾದವಳು ಎಂದು ನಿಮ್ಮ ಮುಂದೆ ಜಂಬ ಕೊಚ್ಚಿಕೊಳ್ಳಲಾರೆ.

ಆದರೆ ಹೋದ ವಾರದ ಒಂದು ಸಂಗತಿ ಕೇಳಿ. ಅವ್ವ ನನ್ನನ್ನು ಖಾನಾಪುರಕ್ಕೆ ಕರೆದುಕೊಂಡು ಹೋಗಿ, ಕಳೆದ ವರ್ಷ ನನ್ನನ್ನು ಉಳಿಸಿದ ಡಾಕ್ಟರ ಹತ್ತಿರ ಮಳೆಗಾಲದ ಸೂಜಿ ಹಾಕಿಸಿದಳು. ನನಗೆ ಮೊದಲು, ಆಮೇಲೆ ತನಗೆ. ನಾನು ತೋಳು ಮೇಲೆ ಸರಿಸಿ ಮುಂದೆ ಬಂದಾಗ ಯಾರಾದರೂ ಮೊಣಕೈ ಹಿಡಿದು ಎಳೆಯುತ್ತಾರೇನೋ ಎಂದು ತಿರುಗಿ ನೋಡಿದೆ. ಎಳೆಯುವವರು ಯಾರೂ ಇರಲಿಲ್ಲ. ಸೂಜಿ ಚುಚ್ಚಿದಾಗ ನಾನು ಅತ್ತದ್ದನ್ನು ಕಂಡು ಡಾಕ್ಟರು ನೋವಿಗೆ ಎಂದುಕೊಂಡರು. ಎರಡು ದಿನ ಮಲಗಬೇಕು ಎಂದು ಅವ್ವ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ತೋರಿಸಿದಳು. ಮಲಗಿದೆವು, ಇಬ್ಬರೂ. ಅತ್ತಿಗೆ ಗೊಣಗಿಕೊಂಡೇ ರೊಟ್ಟಿ ಬಡಿದಳು. ಮೊದಲ ದಿನ ರೊಟ್ಟಿ ಸೀದಿದ್ದವು, ಅಣ್ಣ ಅದನ್ನೇ ತಿಂದು ಹೊಲಕ್ಕೆ ಹೋದ. ಮನೆ ಎಲ್ಲಿತ್ತೋ ಅಲ್ಲೇ ಇತ್ತು.

ಇಷ್ಟೇ ನೋಡಿ ಆಗಬೇಕಾಗಿದ್ದದ್ದು. ಎರಡು ದಿನ ಸೀದ ರೊಟ್ಟಿ. ಅದಕ್ಕೆ ನಿಮ್ಮ ಮನೆಯವರು ಒಪ್ಪಲಿಲ್ಲ. ಮಾವನವರನ್ನು ಒಂದೇ ದಿನದಲ್ಲಿ ಕಳೆದುಕೊಂಡ ಅತ್ತೆಯವರಿಗೆ ಆ ಸೂಜಿ ಏನೆಂದು ಚೆನ್ನಾಗಿ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಗೊತ್ತಿಲ್ಲದವರಾಗಿದ್ದರೆ ನಾನು ಇವತ್ತೇ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದೆ.

ನಾನು ಬರುವುದಿಲ್ಲ. ಶನಿವಾರವೂ ಇಲ್ಲ, ಮಳೆ ಮುಗಿದ ಮೇಲೂ ಇಲ್ಲ. ಬೀಡಿಯಲ್ಲಿ ಕಳೆ ತೆಗೆಯುವ ಕೂಲಿಗೆ ಕಿವಿ ಕೇಳಬೇಕೆಂದು ಯಾರೂ ಹೇಳುವುದಿಲ್ಲ. ಅವ್ವನಿಗೆ ಇದನ್ನು ಹೇಗೆ ತಿಳಿಸುವುದೋ ನನಗಿನ್ನೂ ಗೊತ್ತಿಲ್ಲ. ಅವಳು ಬುಟ್ಟಿ ಕಟ್ಟಿ ಮುಗಿಸುವುದರೊಳಗೆ ಈ ಪತ್ರ ಟಪಾಲಿಗೆ ಹಾಕುತ್ತೇನೆ. ನನ್ನ ಟ್ರಂಕನ್ನು ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕಳಿಸಿ. ಅತ್ತೆಯವರ ಮೊಣಕಾಲಿಗೆ ಬೆಚ್ಚಗಿನ ಎಣ್ಣೆ ಹಚ್ಚಿ.

ಇಂತಿ,
ಗಂಗಾದೇವಿ

ತಾ. ಕ.: ಯುಗಾದಿ ಆದ ಮೇಲೆ ನೀವು ಒಮ್ಮೆ ಇಲ್ಲಿಗೆ ಬಂದಿದ್ದಿರಲ್ಲ, ಅದರ ಮಾತು. ನೀವು ಬರುವ ಕೆಲವು ದಿನ ಮೊದಲಿನಿಂದ ನನ್ನ ಎಡಗಿವಿಗೆ ಸ್ವಲ್ಪ ಸ್ವಲ್ಪ ಕೇಳಿಸತೊಡಗಿತ್ತು. ಮೊದಲು ದನದ ಕೊರಳಿನ ಗಂಟೆ, ಆಮೇಲೆ ಬಾವಿಯ ಗಡಗಡಿ, ಆಮೇಲೆ ಮಾತು. ಅವ್ವನಿಗೂ ಹೇಳಿರಲಿಲ್ಲ. ಮೊದಲು ನಿಮಗೇ ಹೇಳಬೇಕೆಂದು ಬಚ್ಚಿಟ್ಟುಕೊಂಡಿದ್ದೆ. ನೀವು ಬಂದು ಪಡಸಾಲೆಯಲ್ಲಿ ಅಣ್ಣನ ಜೊತೆ ಕುಳಿತಾಗ ನೀರಿನ ತಂಬಿಗೆ ಹಿಡಿದು ಓಡಿ ಬಂದದ್ದು ಅದಕ್ಕೇ. ನನ್ನನ್ನು ನೋಡಿಯೂ ನೀವು ದನಿ ತಗ್ಗಿಸಲಿಲ್ಲ. "ಕಿವಿ ಹೋದ್ರ ಹೋಗ್ಲಿ ಸಿದ್ದಪ್ಪಣ್ಣಾ, ಕೈ ಗಟ್ಟಿ ಅದಾವಲ್ಲ. ರೊಟ್ಟಿ ಬಡಿಯಾಕ ಕಿವಿ ಯಾಕ ಬೇಕು?" ಎಂದಿರಿ. ಅಣ್ಣ ತಲೆ ತಗ್ಗಿಸಿ ಸುಣ್ಣದ ಡಬ್ಬಿ ಹುಡುಕತೊಡಗಿದ. ನಾನು ತಂಬಿಗೆ ಕೆಳಗಿಟ್ಟು, ಏನೂ ಕೇಳಿಸದವಳಂತೆ ನಿಂತೆ. ಆಗ ನೀವು ನನ್ನ ಕಡೆ ತಿರುಗಿ ನಕ್ಕು, ಹೇಗಿದ್ದೀ ಎಂದು ಕೈಸನ್ನೆಯಲ್ಲಿ ಕೇಳಿದಿರಿ. ಚೆನ್ನಾಗಿದ್ದೇನೆ ಎಂದು ನಾನೂ ಕೈಸನ್ನೆಯಲ್ಲೇ ಹೇಳಿದೆ.